‘ಕೋರ್ಟ್ ಆರ್ಡರ್ ಇದೆ’ ಅಂದರೆ ಮೊದಲು ಕಾಗದ ಕೇಳಿ

ಪ್ರಶ್ನೆ: ನಾವು ಮಂಗಳೂರಿನಲ್ಲಿ ಬೀಡಿ ಕಟ್ಟುವವರು. ಮಜೂರಿ ಬಾಕಿ ಕೇಳಲು ಡಿಸಿ ಆಫೀಸಿಗೆ ಮೆರವಣಿಗೆ ಹೋಗಬೇಕು ಅಂತಿದ್ದೆವು. ‘ಕೋರ್ಟ್ ಆರ್ಡರ್ ಇದೆ, ಗುಂಪು ಸೇರಬಾರದು’ ಅಂದರು ಠಾಣೆಯಲ್ಲಿ. ನಮಗೆ ಮಾತಾಡುವ ಹಕ್ಕೇ ಇಲ್ವಾ?

ಉತ್ತರ: ಇದೆ ಅಕ್ಕಾ. ಮಾತಾಡುವುದು, ಆಯುಧವಿಲ್ಲದೆ ಶಾಂತವಾಗಿ ಸೇರುವುದು ಎರಡೂ ಸಂವಿಧಾನದ 19ನೇ ವಿಧಿಯಲ್ಲಿವೆ. ನೀವು ಮೊದಲು ಆ ಆರ್ಡರಿನ ಪ್ರತಿ ಕೇಳಿ. ಬಾಯಿಮಾತು ಸಾಕಾಗುವುದಿಲ್ಲ.

‘ಕೋರ್ಟ್ ಆರ್ಡರ್’ ಅನ್ನುವುದು ಎಷ್ಟೋ ಸಲ ನ್ಯಾಯಾಧೀಶರದ್ದಾಗಿರುವುದೇ ಇಲ್ಲ. ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಡಿಸಿ ಹೊರಡಿಸುವ ನಿಷೇಧಾಜ್ಞೆ ಅದು. ನಾವು ಇನ್ನೂ 144 ಅನ್ನುತ್ತೇವೆ. 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 163ನೇ ಸೆಕ್ಷನ್. ಅದು ಬರಹದಲ್ಲೇ ಇರಬೇಕು, ಯಾಕೆ ಅನ್ನುವುದೂ ಅದರಲ್ಲಿರಬೇಕು. ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಜನ ತಮ್ಮ ಅಭಿಪ್ರಾಯ ಹೇಳುವುದನ್ನು ಅಡಗಿಸಲು ಇದನ್ನು ಬಳಸಬಾರದು ಅಂತ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮರುತಿಂಗಳೇ ನಮ್ಮ ಹೈಕೋರ್ಟ್, 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಅಂದಿತು. ಹಾಗಂತ ಆಜ್ಞೆ ಇರುವಾಗ ಸುಮ್ನೆ ಹೊರಟುಬಿಡಬೇಡಿ, ಕೇಸ್ ಬೀಳುತ್ತದೆ.

ಅಕಸ್ಮಾತ್ ಅದು ಕಂಪನಿಯವರು ಸಿವಿಲ್ ಕೋರ್ಟಿನಿಂದ ತಂದ ತಡೆಯಾಜ್ಞೆಯಾದರೆ ದಾರಿ ಬೇರೆ. ಯಾರ ಮೇಲೆ, ಯಾವ ಜಾಗಕ್ಕೆ ಅಂತ ಸಾಲು ಸಾಲು ಓದಿ. ಕಂಪನಿ ಗೇಟಿನ ಮುಂದೆ ಸೇರಬಾರದು ಅಂತಷ್ಟೇ ಇದ್ದರೆ ಅದು ಡಿಸಿ ಆಫೀಸಿನ ರಸ್ತೆಗೆ ತಾಗುವುದಿಲ್ಲ. ಬದಲಾಯಿಸಿ ಅಂತ ಅದೇ ಕೋರ್ಟಿನಲ್ಲಿ ಕೇಳಬಹುದು.

ನಿಷೇಧಾಜ್ಞೆಯೇ ಆದರೆ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕಿಗೆ ಧಕ್ಕೆಯಾಗಿದೆ ಅಂತ ನೇರವಾಗಿ ಕೊಡುವ ಅರ್ಜಿ, ಹಾಕಬಹುದು. ಆದರೆ ನಮಗೆ ಹೈಕೋರ್ಟ್ ಅಂದರೆ ಘಾಟಿ ಹತ್ತಿ ಬೆಂಗಳೂರಿಗೆ ರಾತ್ರಿ ಬಸ್ಸು, ನಿಮಗಂತೂ ಎರಡು ದಿನದ ಬೀಡಿ ಹೋಯಿತು. ಹಾಗಾಗಿ ಮೊದಲು ಆಜ್ಞೆ ಹೊರಡಿಸಿದ ಅಧಿಕಾರಿಗೇ ಅರ್ಜಿ ಕೊಡಿ. ಅವರು ನಿಮ್ಮ ಮಾತು ಬೇಗ ಕೇಳಲೇಬೇಕು, ಆಗುವುದಿಲ್ಲ ಅಂದರೆ ಕಾರಣ ಬರೆದುಕೊಡಬೇಕು. ಇದು ಅದೇ 163ರಲ್ಲಿದೆ. ಎಷ್ಟು ಜನ, ಯಾವ ರಸ್ತೆ, ಎಷ್ಟು ಹೊತ್ತು ಅಂತ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ. ಮುಂದೆ ರಿಟ್ ಹಾಕುವುದಾದರೆ ವಕೀಲರು ಮೊದಲು ಕೇಳುವುದು ಅದನ್ನೇ.