ಜರ್ಮನಿಗೆ ಹೊರಟ ಮಂಗಳೂರಿನ ಡಾಕ್ಟ್ರಿಗೆ, ಸೂಜಿಯ ವಿಷಯ

ನಮಸ್ಕಾರ ಡಾಕ್ಟ್ರೇ. ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿದಿದೆ, ಜರ್ಮನ್ ಬಿ2 ಕ್ಲಾಸ್ ನಡೆಯುತ್ತಿದೆ, ಬರುವ ಮೊದಲೇ ಒಂದು ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆಯ ಕೋರ್ಸ್ ಮಾಡಿಕೊಂಡರೆ ಇಲ್ಲಿ ಬೇಗ ಕೆಲಸ ಸಿಗಬಹುದಾ ಎಂದು ಕೇಳಿದ್ದೀರಿ. ನಾನು ಉಡುಪಿಯವನು. ಇಲ್ಲಿ ಮೂಳೆ ಡಾಕ್ಟರಾಗಿ ನೆಲೆಸಿ ತುಂಬಾ ವರ್ಷವಾಯಿತು, ಸೂಜಿ ಚಿಕಿತ್ಸೆಯನ್ನೂ ಮಾಡುತ್ತೇನೆ. ನೇರವಾಗಿ ಹೇಳುತ್ತೇನೆ, ಆ ಕೋರ್ಸಿಗೆ ಈಗ ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೇ. ಅದನ್ನು ಭಾಷೆಗೆ ಹಾಕಿ.

ಇಲ್ಲಿ ಸೂಜಿಯ ಸರದಿ ಬರುವುದು ಕೊನೆಗೆ. ಮೊದಲು ಬೇಕಾದದ್ದು ಅಪ್ರೊಬಾಟ್ಸಿಯೋನ್, ಅಂದರೆ ಪೂರ್ಣ ಲೈಸೆನ್ಸ್. ಅದಕ್ಕೆ ಬಿ2ಗಿಂತ ಒಂದು ಮೆಟ್ಟಿಲು ಮೇಲಿನ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ ಇದೆ. ರೋಗಿಯನ್ನು ವಿಚಾರಿಸಬೇಕು, ಕೇಸ್ ಬರೆದು ಕೊಡಬೇಕು, ಆಮೇಲೆ ಹಿರಿಯ ಡಾಕ್ಟರಿಗೆ ಅದನ್ನು ವಿವರಿಸಬೇಕು. ನಮ್ಮ ಡಿಗ್ರಿಯವರು ಹೆಚ್ಚಾಗಿ ವೈದ್ಯಕೀಯ ಜ್ಞಾನದ ಪರೀಕ್ಷೆಯನ್ನೂ ಪಾಸಾಗಬೇಕಾಗುತ್ತದೆ. ನಂತರ ಸ್ಪೆಷಲಿಸ್ಟ್ ತರಬೇತಿ. ಫ್ಯಾಮಿಲಿ ಡಾಕ್ಟರ್ ಆಗಲು 5 ವರ್ಷ, ಆರ್ಥೋಗೆ 6.

ಅಕ್ಯುಪಂಕ್ಚರ್ ಇದರ ಮೇಲಿನ ಹೆಚ್ಚುವರಿ ಅರ್ಹತೆ. 2003ರಲ್ಲಿ ಜರ್ಮನ್ ವೈದ್ಯರ ಸಮ್ಮೇಳನ ಇದನ್ನು ಒಪ್ಪಿತು. 200 ಗಂಟೆಗಳ ಪಾಠ, ಪ್ರಾಕ್ಟಿಕಲ್, ಕೊನೆಗೆ ವೈದ್ಯರ ಚೇಂಬರಿನಲ್ಲಿ, ಅಂದರೆ ಡಾಕ್ಟರುಗಳ ಅಧಿಕೃತ ಮಂಡಳಿಯಲ್ಲಿ ಪರೀಕ್ಷೆ. ಡಾಕ್ಟರುಗಳು ತಮ್ಮ ಚಿಕಿತ್ಸೆಯ ಜೊತೆಗೆ ಸೂಜಿ ಬಳಸುವುದಾದರೆ ಇಷ್ಟಾದರೂ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಚೇಂಬರ್ ಒಪ್ಪಿದ ಕೋರ್ಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಊರಿನ ವೀಕೆಂಡ್ ಸರ್ಟಿಫಿಕೇಟನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಈ ಅರ್ಹತೆ ಇಲ್ಲದ ಡಾಕ್ಟರು ಸೂಜಿ ಹಾಕಿದರೆ ಅಪರಾಧವೇನಲ್ಲ. ಆದರೆ ಬೋರ್ಡಿನ ಮೇಲೆ ಆ ಅರ್ಹತೆ ಬರೆಯುವಂತಿಲ್ಲ, ಸರ್ಕಾರಿ ವಿಮೆಯಿಂದ ದುಡ್ಡೂ ಬರುವುದಿಲ್ಲ. 2007ರಿಂದ ವಿಮೆ ಕೊಡುವುದು ಎರಡಕ್ಕೇ: ಹಳೆಯ ಸೊಂಟ ನೋವು, ಮೊಣಕಾಲಿನ ಸವೆತದ ನೋವು. ನೋವು ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಸಾಮಾನ್ಯವಾಗಿ 10 ಸಲ, ಪ್ರತಿ ಸಲ ಅರ್ಧ ಗಂಟೆ. ಬಿಲ್ ಮಾಡಲು ನೋವಿನ ಚಿಕಿತ್ಸೆಯ 80 ಗಂಟೆಗಳ ಕೋರ್ಸ್ ಬೇರೆ, ಮನೋದೈಹಿಕ ಚಿಕಿತ್ಸೆಯದ್ದು ಬೇರೆ. ಕಿರಿಕಿರಿ ಹೌದು. ಆದರೂ ನೋವಿನ ಕೋರ್ಸ್ ನನಗೆ ಸೂಜಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಸೂಜಿ ನಿಜಕ್ಕೂ ಕೆಲಸ ಮಾಡುತ್ತದಾ ಅಂತಲೂ ಕೇಳಿದ್ದೀರಿ. ವಿಮೆಯ ನಿರ್ಧಾರಕ್ಕೆ ಕಾರಣವಾದ ಗೆರಾಕ್ ಅಧ್ಯಯನವನ್ನೇ ಓದಿ. ಸೊಂಟ ನೋವಿನ 1162 ರೋಗಿಗಳು. ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ಗುಣ ಕಂಡಿತು. ಬೇರೆ ಜಾಗಕ್ಕೆ, ಆಳಕ್ಕೆ ಹೋಗದಂತೆ ಚುಚ್ಚಿಸಿಕೊಂಡವರಲ್ಲಿ 44. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27. ಸೂಜಿಯಿಂದ ಲಾಭ ಇದೆ, ಆದರೆ ಚುಚ್ಚಬೇಕು ಎನ್ನುವ ಆ ನಿಗದಿತ ಬಿಂದುಗಳ ಬಗ್ಗೆ ನನಗೆ ಅಷ್ಟು ಭಕ್ತಿ ಇಲ್ಲ. ಇದನ್ನು ರೋಗಿಗಳಿಗೂ ಹೇಳುತ್ತೇನೆ.

ಉಜಿರೆಯಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಡಿಗ್ರಿ) ಓದಿದ ನಿಮ್ಮ ಗೆಳತಿಯ ದಾರಿಯೇ ಬೇರೆ. ಆ ಡಿಗ್ರಿಗೆ ಇಲ್ಲಿ ಡಾಕ್ಟರ ಲೈಸೆನ್ಸ್ ಸಿಗುವುದಿಲ್ಲ. ಹೈಲ್‌ಪ್ರಾಕ್ಟಿಕರ್ ಎಂಬ, ಡಾಕ್ಟರಲ್ಲದ ಚಿಕಿತ್ಸಕರ ಇನ್ನೊಂದು ವರ್ಗವಿದೆ, ಅದರ ಪರೀಕ್ಷೆ ಆರೋಗ್ಯ ಇಲಾಖೆಯದ್ದು, ಜರ್ಮನ್ನಲ್ಲೇ. ವೀಸಾ ವಿಚಾರಿಸದೆ ಅವರು ಊರಿನ ಕೆಲಸ ಬಿಡದಿರಲಿ.

ಇಲ್ಲಿ 17 ಚೇಂಬರ್‌ಗಳಿವೆ, ಈ ತರಬೇತಿಗಳ ನಿಯಮ ಮಾಡುವುದು ಅವೇ. ನಿಮಗೆ ಯಾವ ರಾಜ್ಯದಲ್ಲಿ ಕೆಲಸ ಸಿಕ್ಕಿತು ಎಂದು ತಿಳಿಸಿ, ಅಲ್ಲಿಯ ನಿಯಮ ಇಬ್ಬರೂ ಕೂತು ಓದುವ.