ಜರ್ಮನಿಯಲ್ಲಿ ಬಾಡಿಗೆ ಮನೆ ನೋಡುವಾಗ ಹೀಟಿಂಗ್ ಲೆಕ್ಕವನ್ನೂ ನೋಡಿ

"ಅಕ್ಕ, ಜನವರಿಯಲ್ಲಿ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೇನೆ, ಹೆಂಡತಿ ಮಗು ಮಾರ್ಚಿಗೆ ಬರ್ತಾರೆ. ಎರಡು ಮನೆ ನೋಡಿಟ್ಟಿದ್ದೇನೆ, ಎರಡೂ 60 ಚದರ ಮೀಟರ್. ಹಳೇ ಕಟ್ಟಡದ್ದು 780 ಯೂರೋ, ಹೊಸ ಕಟ್ಟಡದ್ದು 840. 780ರದ್ದು ತಗೊಂಡ್ರೆ 60 ಯೂರೋ ಉಳಿಯುತ್ತೆ ಅಲ್ವಾ? ಅಲ್ಲಿ ಜೀವನ ಹೇಗೆ?" ಅಂತ ಕೇಳಿದ್ದೀರಿ.

ಜೀವನ ಚೆನ್ನಾಗಿದೆ. ಭಾಷೆ ಕಲಿಯಿರಿ, ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಶನಿವಾರವೇ ಹಾಲು ತರಕಾರಿ ತಂದಿಡಿ, ಉಳಿದದ್ದು ಬಂದಮೇಲೆ ತಾನಾಗಿ ಗೊತ್ತಾಗುತ್ತೆ. ಆದರೆ ಮನೆ ವಿಷಯ ಮಾತ್ರ ಈಗಲೇ ಹೇಳಬೇಕು. ಚಳಿಗಾಲದ ನಡುವೆ ಬರ್ತಿದ್ದೀರಿ, ಚಿಕ್ಕ ಮಗು ಬೇರೆ ಇದೆ.

ನೀವು ಹೇಳಿದ 780, 840 ಎರಡೂ ಕಾಲ್ಟ್‌ಮೀಟೆ, ಅಂದರೆ "ತಣ್ಣನೆ ಬಾಡಿಗೆ". ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸೋದು ಇವೆಲ್ಲ ಸೇರಿದ್ದು ವಾರ್ಮ್‌ಮೀಟೆ, "ಬೆಚ್ಚನೆ ಬಾಡಿಗೆ". ಆ ಬೆಚ್ಚನೆ ಲೆಕ್ಕವೂ ಬರೀ ಅಂದಾಜು. ತಿಂಗಳು ತಿಂಗಳು ಮುಂಗಡ ಕಟ್ತಾ ಹೋಗಬೇಕು, ವರ್ಷ ಮುಗಿದ ಮೇಲೆ ಮಾಲೀಕರು ಲೆಕ್ಕ ಹಾಕಿ, ಕಡಿಮೆ ಬಿದ್ದಿದ್ದರೆ ಮತ್ತೆ ಕೇಳ್ತಾರೆ. ನಾನು 2014ರಲ್ಲಿ ಬಂದಾಗ ಇದು ಗೊತ್ತಿರಲಿಲ್ಲ. ಅಗ್ಗ ಅಂತ 1960ರ ದಶಕದ ಒಂದು ಕಟ್ಟಡದ ಮೂರನೇ ಮಹಡಿ ಹಿಡಿದೆ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಒಂದು ಲಕೋಟೆ ಬಂತು, ಇನ್ನೂ 640 ಯೂರೋ ಕಟ್ಟಿ ಅಂತ. ಅದಕ್ಕಿಂತ ಬೇಜಾರಾಗಿದ್ದು ಬೀರು ಸರಿಸಿದ ದಿನ. ಹೊರಗೋಡೆಗೆ ಒತ್ತಿ ಇಟ್ಟಿದ್ದ ಬೀರು, ಹಿಂದುಗಡೆ ಅಂಗೈ ಅಗಲಕ್ಕೆ ಕಪ್ಪು ಬೂಷ್ಟು. ಅಮ್ಮ ಕೊಟ್ಟಿದ್ದ ಇಳಕಲ್ ಸೀರೆಯ ಮಡಿಕೆಗೆಲ್ಲ ಆ ವಾಸನೆ ಹತ್ತಿತ್ತು. ಎರಡು ಸಲ ಒಗೆಸಿದರೂ ಹೋಗಲಿಲ್ಲ.

ಕಾರಣ ಆಮೇಲೆ ತಿಳೀತು. ಇಲ್ಲಿ ಕಟ್ಟಡಗಳ ಶಾಖ ಉಳಿಸೋಕೆ ಅಂತ ಮೊದಲ ನಿಯಮ ಬಂದದ್ದೇ 1977ರಲ್ಲಿ. ಅದಕ್ಕೂ ಮುಂಚೆ ಕಟ್ಟಿದ್ದು, ಆಮೇಲೆ ಯಾರೂ ದುರಸ್ತಿ ಮಾಡದೆ ಬಿಟ್ಟದ್ದು ಅಂದರೆ, ನೀವು ಒಳಗೆ ಗ್ಯಾಸ್ ಸುಡ್ತೀರಿ, ಗೋಡೆ ಅದನ್ನು ಬೀದಿಗೆ ಬಿಡುತ್ತೆ. ಗೋಡೆಯ ಒಳಮೈ ತಣ್ಣಗೇ ಇರುತ್ತೆ. ಅಡುಗೆ, ಸ್ನಾನ, ಒಣಗಿಸಿದ ಬಟ್ಟೆ ಎಲ್ಲದರ ಹಬೆ ಅಲ್ಲಿ ಹೋಗಿ ಕೂತು ಬೂಷ್ಟಾಗುತ್ತೆ.

ಅದಕ್ಕೇ ಮನೆ ತೋರಿಸುವಾಗ ಎನರ್ಗೀಆಉಸ್‌ವೈಸ್ ಕೇಳಿ. ಅದು ಕಟ್ಟಡದ ಇಂಧನ ಪತ್ರ, 10 ವರ್ಷ ಊರ್ಜಿತ. ಮನೆ ನೋಡೋಕೆ ಬಂದವರಿಗೆ ಮಾಲೀಕರು ಅದನ್ನು ತೋರಿಸಲೇಬೇಕು, ಹಾಗಂತ ಕಾನೂನಿದೆ, ಸಂಕೋಚ ಬೇಡ. ಹಸಿರಿನಿಂದ ಕೆಂಪಿಗೆ ಹೋಗುವ ಒಂದು ಪಟ್ಟಿ ಇರುತ್ತೆ, ಎ ಪ್ಲಸ್‌ನಿಂದ ಎಚ್ ತನಕ. ನೀವು ಕಳಿಸಿದ ಜಾಹೀರಾತು ನೋಡಿದೆ. ಹಳೇ ಮನೆ ಜಿ ದರ್ಜೆ, ಚದರ ಮೀಟರ್‌ಗೆ ವರ್ಷಕ್ಕೆ 220 ಯೂನಿಟ್ (ಕಿಲೋವ್ಯಾಟ್ ಅವರ್) ಇಂಧನ. ಹೊಸದು ಬಿ ದರ್ಜೆ, 70 ಯೂನಿಟ್. ಎರಡಕ್ಕೂ ಗ್ಯಾಸ್ ಹೀಟಿಂಗ್.

ಒಂದು ಸಣ್ಣ ಲೆಕ್ಕ ಹಾಕೋಣ, ಗ್ಯಾಸ್ ಯೂನಿಟ್‌ಗೆ 11 ಸೆಂಟ್ ಅಂತ ಹಿಡಿದು. ಹಳೇ ಮನೆಗೆ ವರ್ಷಕ್ಕೆ 13,200 ಯೂನಿಟ್, ಅಂದರೆ ತಿಂಗಳಿಗೆ 121 ಯೂರೋ. ಹೊಸದಕ್ಕೆ 4,200 ಯೂನಿಟ್, ತಿಂಗಳಿಗೆ 38 ಚಿಲ್ಲರೆ. ನಿಮ್ಮ 60 ಯೂರೋ ಉಳಿತಾಯ ಅಲ್ಲೇ ಕರಗಿಹೋಯ್ತು, ಮೇಲೆ 20 ಯೂರೋ ಕೈಯಿಂದ ಹೋಯ್ತು. ಹೊಗೆಯ ಲೆಕ್ಕ ನೋಡಿದರೆ ಇನ್ನೂ ಬೇಸರ. ಯೂನಿಟ್‌ಗೆ ಹೆಚ್ಚುಕಡಿಮೆ 200 ಗ್ರಾಂ ಇಂಗಾಲದ ಡೈಆಕ್ಸೈಡ್, ಹಳೇ ಮನೆಯಿಂದ ವರ್ಷಕ್ಕೆ 2,640 ಕಿಲೋ, ಹೊಸದರಿಂದ 840. ಅದೇ ಮೂರು ಜನ, ಅದೇ ಅನ್ನ ಸಾರು, ಗೋಡೆ ಮಾತ್ರ ಬೇರೆ.

ಈಗ ಮುಖ್ಯ ವಿಷಯ. ಆ ಗ್ಯಾಸ್ ದರದಲ್ಲೇ ಇಂಗಾಲದ ಶುಲ್ಕವೂ ಸೇರಿದೆ, ಅಂದರೆ ಇಂಧನ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್‌ಗೆ ಕಟ್ಟುವ ದುಡ್ಡು. 2021ರಲ್ಲಿ ಟನ್ನಿಗೆ 25 ಯೂರೋ ಇತ್ತು, 2025ಕ್ಕೆ 55 ಆಯ್ತು. ಮೊದಮೊದಲು ಇದನ್ನು ಪೂರ್ತಿ ಬಾಡಿಗೆದಾರರೇ ಕಟ್ಟಬೇಕಿತ್ತು, ಅದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತಿತ್ತು. ಕಿಟಕಿ ಬದಲಿಸುವ ಹಕ್ಕು ನಮಗಿಲ್ಲ, ಬಾಯ್ಲರ್ ಮುಟ್ಟೋ ಹಾಗಿಲ್ಲ, ದಂಡ ಮಾತ್ರ ನಮಗೆ. 2023ರ ಜನವರಿ 1ರಿಂದ ಕಾನೂನು ಬದಲಾಯಿತು. ಚದರ ಮೀಟರ್‌ಗೆ ವರ್ಷಕ್ಕೆ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ನೋಡಿ 10 ಮೆಟ್ಟಿಲು ಮಾಡಿದ್ದಾರೆ. 12 ಕಿಲೋಗಿಂತ ಕಡಿಮೆ ಇದ್ದರೆ ಶುಲ್ಕ ಪೂರ್ತಿ ಬಾಡಿಗೆದಾರರದ್ದು. 52 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶೇ. 95 ಮಾಲೀಕರದ್ದು. ನೀವು ನೋಡಿದ ಹಳೇ ಮನೆ 44 ಕಿಲೋ, ಅಲ್ಲಿ ಮಾಲೀಕರ ಪಾಲು ಶೇ. 70. ಹೊಸದು 14 ಕಿಲೋ, ಅವರ ಪಾಲು ಬರೀ ಶೇ. 10. ಟನ್ನಿಗೆ 55ರಂತೆ ಹಾಕಿದರೆ ನಿಮ್ಮ ಪಾಲು ಎರಡೂ ಮನೆಯಲ್ಲಿ ಹೆಚ್ಚುಕಡಿಮೆ ಒಂದೇ ಬರುತ್ತೆ, ವರ್ಷಕ್ಕೆ 44 ಯೂರೋ, 42 ಯೂರೋ. ಮಾಲೀಕರಿಗೆ ಹಳೇದಕ್ಕೆ ನೂರು ಯೂರೋ, ಹೊಸದಕ್ಕೆ ಐದೂ ಇಲ್ಲ.

ಒಂದು ಮನೆಗೆ ನೂರು ಯೂರೋ ಏನೂ ಅಲ್ಲ. ಆದರೆ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯಲ್ಲೇ ಇರೋದು, ಸಾವಿರಾರು ಮನೆ ಇಟ್ಟುಕೊಂಡ ಕಂಪನಿಗಳಿವೆ. ಎಲ್ಲಕ್ಕಿಂತ ದೊಡ್ಡದು ಬೋಖುಮ್‌ನ ವೊನೋವಿಯಾ, ಅವರ ಹತ್ತಿರ ಸುಮಾರು ಐದು ಲಕ್ಷ ಮನೆ. ಇಂಥ ಜಿ ದರ್ಜೆಯ ಸಾವಿರ ಮನೆ ಇದ್ದರೂ ವರ್ಷಕ್ಕೆ ಒಂದು ಲಕ್ಷ ಯೂರೋ ಸುಮ್ನೆ ಹೋಗುತ್ತೆ. ಅಷ್ಟಾದಾಗ ಲೆಕ್ಕ ನೋಡುವವರು ಕಟ್ಟಡದ ಪಟ್ಟಿ ತೆಗೆದು ಯಾವುದು ಮೊದಲು ಸರಿಮಾಡಬೇಕು ಅಂತ ಕೇಳೋಕೆ ಶುರುಮಾಡ್ತಾರೆ. ಆ ಪ್ರಶ್ನೆ ಹುಟ್ಟಿಸೋದೇ ಈ ಕಾನೂನಿನ ಒಳ್ಳೆ ಕೆಲಸ. ದೇಶ 2045ಕ್ಕೆ ಇಂಗಾಲ ಸೊನ್ನೆ ಮಾಡ್ತೀವಿ ಅಂತ ಹೇಳಿದೆ, ಹಳೇ ಬಾಡಿಗೆ ಕಟ್ಟಡಗಳನ್ನು ಬಿಟ್ಟು ಅದು ಆಗೋದೇ ಇಲ್ಲ.

ಮಾಲೀಕರು ಮಾಡೋದು ಏನು ಅಂದರೆ, ಅಗ್ಗದ್ದು ಮೊದಲು. ನೆಲಮಾಳಿಗೆಯ ಸೂರಿಗೆ, ಬಿಸಿನೀರಿನ ಪೈಪ್‌ಗೆ ಶಾಖ ನಿಲ್ಲಿಸುವ ಹೊದಿಕೆ. ಆಮೇಲೆ ಕಟ್ಟಡದ ಎಲ್ಲ ಹೀಟರ್‌ಗಳಿಗೂ ನೀರು ಸಮನಾಗಿ ಹರಿಯುವ ಹಾಗೆ ಹೊಂದಿಸೋದು. ನಮ್ಮಲ್ಲಿ ಇದೊಂದೇ ದೊಡ್ಡ ಬದಲಾವಣೆ ತಂತು. ಅದಕ್ಕೆ ಮೊದಲು ಕೆಳಮನೆಯವರು ಸೆಕೆ ಅಂತ ಕಿಟಕಿ ತೆರೀತಿದ್ದರು, ಮೇಲೆ ನಾವು ಸ್ವೆಟರ್ ಹಾಕಿ ಕೂರ್ತಿದ್ದೆವು.

ಈ ಕಾನೂನು ಬರುವ ಮುಂಚೆಯೇ, 2021ರಲ್ಲಿ, ನಮ್ಮ ಕಟ್ಟಡಕ್ಕೆ ಪೂರ್ತಿ ದುರಸ್ತಿಯೂ ಆಯ್ತು. ಹೊರಗೋಡೆಗೆ ದಪ್ಪ ಹೊದಿಕೆ, ಮೂರು ಪದರದ ಗಾಜಿನ ಕಿಟಕಿ. ಎಂಟು ತಿಂಗಳು ಸಾರುವೆ, ಧೂಳು, ಸದ್ದು. ಇಂಥ ಕೆಲಸ ನಡೆಯುವಾಗ ಮೊದಲ ಮೂರು ತಿಂಗಳು ತೊಂದರೆ ಆಯ್ತು ಅಂತ ಬಾಡಿಗೆ ಕಡಿಮೆ ಕೇಳೋ ಹಾಗಿಲ್ಲ, ಇದನ್ನು ಮೊದಲೇ ತಿಳಿದಿರಿ. ಮುಗಿದ ಮೇಲೆ ಬಾಡಿಗೆಯೂ ಏರುತ್ತೆ. ಸುಧಾರಣೆಗೆ ಹಾಕಿದ ಖರ್ಚಿನ ಶೇ. 8ರಷ್ಟನ್ನು ವರ್ಷದ ಬಾಡಿಗೆಗೆ ಸೇರಿಸಬಹುದು, ಆದರೆ ಆರು ವರ್ಷದಲ್ಲಿ ಚದರ ಮೀಟರ್‌ಗೆ ತಿಂಗಳಿಗೆ 3 ಯೂರೋ ಮೀರಬಾರದು. ಸುಮ್ಮನೆ ರಿಪೇರಿ ಮಾಡಿದ್ದನ್ನು ಅದರಲ್ಲಿ ಸೇರಿಸೋ ಹಾಗಿಲ್ಲ. ನಮಗೆ ತಿಂಗಳಿಗೆ 84 ಯೂರೋ ಏರಿತು, ಹೀಟಿಂಗ್ 70 ಇಳಿಯಿತು. ದುಡ್ಡಿನಲ್ಲಿ 14 ಯೂರೋ ಜಾಸ್ತಿಯೇ. ಆದರೂ ನನಗೆ ಬೇಸರವಿಲ್ಲ, ಬೀರು ಈಗ ಅದೇ ಗೋಡೆಯ ಹತ್ತಿರ ಇದೆ, ಹಿಂದೆ ಕೈಯಾಡಿಸಿದರೆ ಗೋಡೆ ಒಣಗಿದೆ, ಬೆಚ್ಚಗಿದೆ. ಆದರೆ ಕಡಿಮೆ ಸಂಬಳದಲ್ಲಿ ಒಬ್ಬರೇ ಇದ್ದ ನಮ್ಮ ಪಕ್ಕದ ಮನೆಯ ಅಜ್ಜಿಗೆ ಆ 14 ಯೂರೋ ಕೂಡ ಭಾರವಾಯಿತು, ಅದನ್ನು ನಾನು ಮರೆತಿಲ್ಲ. ಕಷ್ಟ ಇದೆ ಅಂತ ಲಿಖಿತವಾಗಿ ಆಕ್ಷೇಪ ಹಾಕೋಕೆ ಅವಕಾಶವಿದೆ. ಬಾಡಿಗೆದಾರರ ಸಂಘ, ಮೀಟರ್‌ಫೆರೈನ್ ಅಂತಾರೆ, ಅಲ್ಲಿ ಸದಸ್ಯರಾದರೆ ಬರೆದುಕೊಡ್ತಾರೆ. ನೀವೂ ಬಂದ ತಕ್ಷಣ ಸೇರಿಕೊಳ್ಳಿ.

ನಿಮ್ಮ ಕೈಲಿ ಇರೋದು ಸ್ವಲ್ಪ ಇದೆ. ಹೀಟರ್ ತಿರುಗಣೆಯ ಮೇಲೆ 1ರಿಂದ 5ರ ತನಕ ಅಂಕಿ ಇರುತ್ತೆ. 3 ಅಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ 4 ಡಿಗ್ರಿ. 5ಕ್ಕೆ ಇಟ್ಟರೆ ಬೇಗ ಬಿಸಿ ಆಗಲ್ಲ, 28 ಡಿಗ್ರಿ ಆಗೋ ತನಕ ಸುಡ್ತಾ ಇರುತ್ತೆ ಅಷ್ಟೇ. ಒಂದು ಡಿಗ್ರಿ ಇಳಿಸಿದರೆ ಸುಮಾರು ಶೇ. 6 ಉಳಿಯುತ್ತೆ. ಕಿಟಕಿಯನ್ನು ಸಂದಿ ಬಿಟ್ಟು ದಿನವಿಡೀ ಇಡಬೇಡಿ, ದಿನಕ್ಕೆ ಮೂರು ನಾಲ್ಕು ಸಲ ಪೂರ್ತಿ ತೆರೆದು ಐದು ನಿಮಿಷಕ್ಕೆ ಮುಚ್ಚಿ, ಕಿಟಕಿ ತೆರೆದಿರುವಾಗ ಹೀಟರ್ ಆರಿಸಿರಿ. ಹೀಟರ್ ಮೇಲ್ಭಾಗ ತಣ್ಣಗಿದ್ದು ಗುಳುಗುಳು ಸದ್ದು ಮಾಡಿದರೆ ಒಳಗೆ ಗಾಳಿ ಸೇರಿದೆ. ಒಂದು ಪುಟ್ಟ ಕೀಲಿ ಸಿಗುತ್ತೆ, ಲೋಟ ಹಿಡಿದು ಪಕ್ಕದ ತಿರುಪು ಸ್ವಲ್ಪ ಸಡಿಲ ಮಾಡಿ, ಸುಸ್ ಅಂತ ಗಾಳಿ ಹೋಗಿ ಕರಿ ನೀರು ಬಂದ ಕೂಡಲೇ ಬಿಗಿ ಮಾಡಿ.

ಇನ್ನೊಂದು, ವರ್ಷದ ಬಿಲ್ ಬಂದಾಗ ಇಂಗಾಲದ ಶುಲ್ಕ ಹಂಚಿರುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಹೀಟಿಂಗ್ ಖರ್ಚಿನಲ್ಲಿ ಶೇ. 3 ಕಡಿತ ಮಾಡೋ ಹಕ್ಕು ನಿಮಗಿದೆ. ಮನೆಯೊಳಗೇ ಬಾಯ್ಲರ್ ಇದ್ದು ಗ್ಯಾಸ್ ಬಿಲ್ ನಿಮ್ಮ ಹೆಸರಿಗೇ ಬರುತ್ತಿದ್ದರೆ, ಮಾಲೀಕರ ಪಾಲನ್ನು ನೀವೇ ಬರೆದು ಕೇಳಬೇಕು, ಬಿಲ್ ಬಂದ ಆರು ತಿಂಗಳೊಳಗೆ. ತುಂಬಾ ಜನ ಕೇಳೋದೇ ಇಲ್ಲ, ಹೋಗ್ಲಿ ಬಿಡು ಅಂತ ಸುಮ್ನಾಗ್ತಾರೆ. ಕೇಳಿ. ನೀವು ಕೇಳಿದರೇ ಆ ಖರ್ಚು ಅವರ ಪುಸ್ತಕದಲ್ಲಿ ಕಾಣೋದು.

ಮಾಲೀಕರ ಪಾಲಿನ ಆ ನೂರು ಯೂರೋ ವಾಪಸ್ ಬಂದರೂ ಹಳೇ ಮನೆಗೆ ತಿಂಗಳಿಗೆ 893 ಆಗುತ್ತೆ, ಹೊಸದಕ್ಕೆ 878, ಉಳಿದ ಖರ್ಚು ಎರಡಕ್ಕೂ ಒಂದೇ ಅಂದುಕೊಂಡರೆ. ನಾನಾದರೆ 840ರದ್ದೇ ತಗೋತೀನಿ. ಸಹಿ ಹಾಕುವ ಮೊದಲು ಇಂಧನ ಪತ್ರದ ಫೋಟೋ, ಕಳೆದ ವರ್ಷದ ಹೀಟಿಂಗ್ ಬಿಲ್ ಎರಡನ್ನೂ ಅವರಿಂದ ಕೇಳಿ ನನಗೆ ಕಳಿಸಿ, ಕೂತು ನೋಡಿ ಹೇಳ್ತೀನಿ.