ಅತ್ತೆಯವರ ಮಾತ್ರೆ, ಯಜಮಾನರ ಮಾತು

ಓದುಗರ ಪತ್ರ: ನಮ್ಮ ಅತ್ತೆಗೆ ಕ್ಷಯ. ಸರ್ಕಾರಿ ಆಸ್ಪತ್ರೆಯ ಮಾತ್ರೆ ಶುರುವಾಗಿ ಎರಡು ತಿಂಗಳಾಗುತ್ತಾ ಬಂತು, ಕೆಮ್ಮು ನಿಂತಿದೆ. ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರು ‘ಸ್ವಸ್ಥತೆ ಸಿಕ್ಕಿದೆ, ಇನ್ನು ಮಾತ್ರೆ ನುಂಗುವುದು ಅಪನಂಬಿಕೆ’ ಎಂದರು. ಬಿತ್ತಿದ ಬೀಜದಂತೆ ಹಲವು ಪಟ್ಟಾಗಿ ಮರಳುತ್ತದೆಂದು ಕೇಳುವ ‘ಬೀಜ ಕಾಣಿಕೆ’ ಇಪ್ಪತ್ತು ಸಾವಿರ ಬಿತ್ತಿದರೆ ಸಾಲವೆಲ್ಲ ತೀರುತ್ತದೆ ಎಂದಾಗ ನಮ್ಮ ಯಜಮಾನರು ಎದ್ದು ನಿಂತು ಮಾತು ಕೊಟ್ಟುಬಿಟ್ಟರು. ಈಗ ನನ್ನ ಸರ ಅಡವಿಡಬೇಕು. ಕೊಡದಿದ್ದರೆ ಶಾಪ ತಟ್ಟುತ್ತದೆಯೇ? ನಮ್ಮ ಬಡತನಕ್ಕೆ ನಂಬಿಕೆಯ ಕೊರತೆಯೇ ಕಾರಣವೇ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿಯವರೇ,

ಅತ್ತೆಯವರು ಮಾತ್ರೆ ಬಿಟ್ಟಿದ್ದರೆ ಇವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಷ್ಟು ದಿನ ತಪ್ಪಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ಉಳಿದ ಮಾತು ಆಮೇಲೆ ಓದಬಹುದು.

ಸಾಮಾನ್ಯ ಕ್ಷಯದ ಚಿಕಿತ್ಸೆ 6 ತಿಂಗಳದ್ದು. ಮೊದಲ 2 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧ. ಮುಂದಿನ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಬೇಗ ಬೇಗ ಬೆಳೆಯುವ ರೋಗಾಣುಗಳು ಮೊದಲ ವಾರಗಳಲ್ಲೇ ಸಾಯುತ್ತವೆ. ಜ್ವರ ಇಳಿಯುತ್ತದೆ, ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ. ಮೆಲ್ಲಗೆ ಬೆಳೆಯುವ ರೋಗಾಣುಗಳು ಮಾತ್ರ ಒಳಗೇ ಉಳಿದಿರುತ್ತವೆ. ನಿಮ್ಮ ಅತ್ತೆಯವರು ಈಗ ಇರುವುದು ಈ ಘಟ್ಟದಲ್ಲಿ. ಇಲ್ಲಿ ಕೈಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಬಹುದು, ಮನೆಯ ಮಕ್ಕಳಿಗೂ ಹರಡಬಹುದು. ಕೆಮ್ಮು ನಿಂತದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿ, ಹೇಳಲೇಬೇಕು. ಆದರೆ ಗುಣವಾಯಿತೆಂದು ತೀರ್ಮಾನಿಸುವುದು ಪರೀಕ್ಷೆ ಮಾಡಿದ ವೈದ್ಯರ ಕೆಲಸ.

ಮದ್ದು ತೆಗೆದುಕೊಳ್ಳುವುದು ಅಪನಂಬಿಕೆಯಾದರೆ ಬೈಬಲಿನ ಅಪೊಸ್ತಲ ಪೌಲನನ್ನೂ ಆ ಸಾಲಿಗೆ ಸೇರಿಸಬೇಕಾಗುತ್ತದೆ. ಅವನ ಶಿಷ್ಯ ತಿಮೊಥೆಗೆ ಆಗಾಗ ಅಸ್ವಸ್ಥತೆ ಕಾಡುತ್ತಿತ್ತು. ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ಬರೆದ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯವನಾಗಿಯೇ ಬಿಟ್ಟು ಬಂದ. ಅವನ ಸಂಗಡಿಗ ಲೂಕ ವೈದ್ಯ. ಬೀಜ ಕಾಣಿಕೆಯ ಬೋಧನೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಓರಲ್ ರಾಬರ್ಟ್ಸ್ ಕೂಡ 1981ರಲ್ಲಿ ಟಲ್ಸಾ ನಗರದಲ್ಲಿ ದೊಡ್ಡ ಆಸ್ಪತ್ರೆಯನ್ನೇ ತೆರೆದರು. ಪ್ರಾರ್ಥನೆಯೂ ವೈದ್ಯವೂ ಒಂದೇ ಸೂರಿನಡಿ ಇರಬೇಕೆಂಬುದು ಅವರ ಆಸೆಯಾಗಿತ್ತು.

ಇನ್ನು ಯಜಮಾನರು ಕೊಟ್ಟ ಮಾತು. ನಿಮ್ಮನ್ನು ಹೆಚ್ಚು ಹಿಂಡುತ್ತಿರುವುದು ಇದೇ ಎಂದು ಪತ್ರದಿಂದ ಕಾಣುತ್ತದೆ. ಇಬ್ಬರೂ ಕೂತು ಮಾರ್ಕ 7:9ರಿಂದ 13ರವರೆಗೆ ಓದಿ. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ‘ಕೊರ್ಬಾನ್, ಇದು ದೇವರಿಗೆ ಮುಡಿಪು’ ಎಂದು ಹೇಳಿ ತಪ್ಪಿಸುತ್ತಿದ್ದವರನ್ನು, ಅದನ್ನು ಸರಿಯೆನ್ನುತ್ತಿದ್ದ ಬೋಧಕರನ್ನು ಯೇಸು ಅಲ್ಲಿ ನೇರವಾಗಿ ಖಂಡಿಸುತ್ತಾನೆ. ಕಾಯಿಲೆಯ ತಾಯಿ ಮನೆಯಲ್ಲಿರುವಾಗ ಸೊಸೆಯ ಸರ ಅಡವಿಟ್ಟು ಹೊರಗೆ ಕೊಡುವ ಹಣವೂ ಅದೇ ಬಗೆಯದು. ಕಾಣಿಕೆಗೆ ಪೌಲನಿಟ್ಟ ಅಳತೆ 2 ಕೊರಿಂಥ 8:12ರಲ್ಲಿದೆ: ಇರುವುದರಿಂದ ಕೊಟ್ಟದ್ದು ಮೆಚ್ಚುಗೆ, ಇಲ್ಲದ್ದರಿಂದ ಕೊಡಬೇಕಿಲ್ಲ. ಸಾಲ ತಂದ ಹಣ ನಿಮ್ಮಲ್ಲಿ ಇರುವ ಹಣವಲ್ಲ, ಬಡ್ಡಿ ಕಟ್ಟುವವರು ನೀವು.

ಶಾಪದ ಭಯ ಹುಟ್ಟಿಸಲು ಸಾಮಾನ್ಯವಾಗಿ ಎತ್ತುವುದು, ದಶಮಾಂಶ ಅಂದರೆ ಹತ್ತರಲ್ಲೊಂದು ಪಾಲು ಕೊಡದವರಿಗೆ ಶಾಪವೆನ್ನುವ ಮಲಾಕಿಯ 3ನೇ ಅಧ್ಯಾಯ. ಅದೇ ಅಧ್ಯಾಯದ 5ನೇ ವಚನ ಕೂಲಿಯವರನ್ನು, ವಿಧವೆಯರನ್ನು, ಅನಾಥರನ್ನು ಹಿಂಡುವವರ ಮೇಲೆ ತೀರ್ಪು ಹೇಳುತ್ತದೆ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿದು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಉಂಡು ತೃಪ್ತರಾಗಬೇಕು. ನೂರ್ಮಡಿ ಸಿಗುತ್ತದೆ ಎಂದು ತೋರಿಸುವ ಮಾರ್ಕ 10:30ರಲ್ಲಿ ಮನೆ, ಹೊಲದ ಜೊತೆಗೆ ತಾಯಂದಿರ ಹೆಸರೂ ಇದೆ, ಹಿಂಸೆಯೂ ಇದೆ. ಅದು ಯೇಸುವಿಗಾಗಿ ಎಲ್ಲ ಬಿಟ್ಟವರಿಗೆ ಸಿಗುವ ಸಭೆಯೆಂಬ ಕುಟುಂಬದ ಮಾತು, ರೂಪಾಯಿಯ ಲೆಕ್ಕವಲ್ಲ.

ಬಡತನ ನಂಬಿಕೆಯ ಕೊರತೆಯೇ ಎಂದು ಕೇಳಿದ್ದೀರಿ. ಅಲ್ಲ. ‘ಐಶ್ವರ್ಯವಂತನಾಗಿದ್ದ ಕ್ರಿಸ್ತನು ನಿಮಗೋಸ್ಕರ ಬಡವನಾದನು’ ಎಂಬ ಮಾತನ್ನು ಇಂಥ ಕೂಟಗಳಲ್ಲಿ ನೀವೂ ಕೇಳಿರುತ್ತೀರಿ. ಆ ಮಾತಿರುವ 2 ಕೊರಿಂಥ 8ನೇ ಅಧ್ಯಾಯದ ಆರಂಭದಲ್ಲೇ ಪೌಲ ಮಕೆದೋನ್ಯದ ಸಭೆಗಳನ್ನು ಹೊಗಳುತ್ತಾನೆ, ಅವರು ಕಡುಬಡವರು. ನಂಬಿಕೆ ಹೆಚ್ಚಿಸಿಕೊಳ್ಳಿ, ಬಡತನ ಹೋಗುತ್ತದೆ ಎಂದು ಅವನು ಅವರಿಗೆ ಹೇಳಲಿಲ್ಲ. ನಿಮ್ಮ ಮನೆಯ ಸಾಲಕ್ಕೆ ಕೂಲಿ, ಬಡ್ಡಿ, ಆಸ್ಪತ್ರೆಯ ಓಡಾಟದಂಥ ಕಾರಣಗಳಿರುತ್ತವೆ; ಅವನ್ನು ಒಂದು ಹಾಳೆಯಲ್ಲಿ ಬರೆದು ಸಭೆಯ ಹಿರಿಯರ ಮುಂದಿಡಲು ಸಂಕೋಚ ಬೇಡ.

ಯಜಮಾನರು ಒಬ್ಬರೇ ಬೋಧಕರ ಬಳಿ ಹೋಗುವುದು ಬೇಡ, ನಿಮ್ಮ ಸಭಾಪಾಲಕರೊಂದಿಗೆ ಹೋಗಲಿ. ‘ಅವಸರದಲ್ಲಿ ಮಾತು ಕೊಟ್ಟೆ, ತಾಯಿಯ ಆರೈಕೆ ನನ್ನ ಮೊದಲ ಹೊಣೆ, ಕೊಡಲಾರೆ’ ಎಂದರೆ ಸಾಕು. ಯಾಕೋಬ 5:14ರಂತೆ ಹಿರಿಯರನ್ನು ಮನೆಗೆ ಕರೆಸಿ ಅತ್ತೆಯವರಿಗೆ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ; ಅದಕ್ಕೆ ಶುಲ್ಕವಿಲ್ಲ, ಮಾತ್ರೆಯೂ ನಿಲ್ಲಬೇಕಿಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿಯ ಲೆಕ್ಕದಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ಬಂದಿಲ್ಲವಾದರೆ ಆಧಾರ್, ಪಾಸ್‌ಬುಕ್ ಹಿಡಿದು ಆಸ್ಪತ್ರೆಯ ಕ್ಷಯ ವಿಭಾಗದಲ್ಲಿ ವಿಚಾರಿಸಿ. ಅದು ಅತ್ತೆಯವರ ಮೊಟ್ಟೆ, ಬೇಳೆ, ಹಾಲಿನ ದುಡ್ಡು. ಅದರಲ್ಲಿ ಒಂದು ರೂಪಾಯಿಯನ್ನೂ ಕಾಣಿಕೆ ಚೀಲಕ್ಕೆ ಹಾಕಬೇಡಿ.